ಉತ್ತರಿಸದ ಡೊಮೇನ್ ಮಾಲೀಕರನ್ನು ತಲುಪುವ ಬಗೆ

ಮಾಟುಂಗಾದಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮಾರುವ ದಂಪತಿಗಳೊಬ್ಬರು ತಮ್ಮ ಅಂಗಡಿಯ ಹೆಸರಿನ ಡಾಟ್ ಕಾಮ್ ಡೊಮೇನ್, ಅಂದರೆ ಜಾಲತಾಣದ ಹೆಸರು, ಬೇರೆ ಯಾರದೋ ಕೈಯಲ್ಲಿದೆ, ಮೂರು ಬಾರಿ ಬರೆದರೂ ಉತ್ತರವಿಲ್ಲ, ಅವರಿಗೆ ಕೊಡುವ ಮನಸ್ಸಿದ್ದಂತಿಲ್ಲ ಎಂದು ನನ್ನ ಬಳಿ ಬಂದರು. ಮುಂಬಯಿಯ ಕನ್ನಡಿಗರ ಸಣ್ಣ ಉದ್ಯಮಗಳಿಗೆ ಜಾಲತಾಣ ಮಾಡಿಕೊಡುವ ನನಗೆ ಈ ಮಾತು ಹೊಸತಲ್ಲ. ಉತ್ತರ ಬಾರದಿರುವುದನ್ನು ನಿರಾಕರಣೆ ಎಂದು ತಿಳಿಯಬಾರದು. ನಾನು ಕಂಡ ಹೆಚ್ಚಿನ ಪ್ರಸಂಗಗಳಲ್ಲಿ ಪತ್ರವು ಓದಬೇಕಾದವರ ಕಣ್ಣಿಗೆ ಬಿದ್ದೇ ಇರಲಿಲ್ಲ. ಆದ್ದರಿಂದ ಬೆಲೆಯ ಮಾತಿಗೆ ಮೊದಲು, ಮಾಲೀಕರು ಇಂದಿಗೂ ತೆರೆದು ನೋಡುವ ವಿಳಾಸ ಯಾವುದೆಂದು ಹುಡುಕುವುದಕ್ಕೆ ಶ್ರಮ ಹಾಕಬೇಕು.

ಹುಡುಕಾಟ ನೋಂದಣಿ ದಾಖಲೆಯಿಂದ ಆರಂಭವಾಗುತ್ತದೆ. ಹಿಂದೆ ಹೂಈಸ್ ಎಂಬ ಸೇವೆಯಲ್ಲಿ ಮಾಲೀಕರ ಹೆಸರು, ಫೋನ್, ಇಮೇಲ್ ಎಲ್ಲವೂ ಬಹಿರಂಗವಾಗಿ ಸಿಗುತ್ತಿದ್ದವು. ಯುರೋಪಿನ ದತ್ತಾಂಶ ಸಂರಕ್ಷಣಾ ನಿಯಮ 2018ರ ಮೇ 25ರಂದು ಜಾರಿಗೆ ಬಂದ ಮೇಲೆ ಇವುಗಳಲ್ಲಿ ಹೆಚ್ಚಿನವು ಮರೆಯಾದವು. ಡಾಟ್ ಕಾಮ್‌ನಂತಹ ಡೊಮೇನ್‌ಗಳಿಗೆ ಈಗ ಹೂಈಸ್ ಬದಲು ಆರ್‌ಡಿಎಪಿ ಎಂಬ ವ್ಯವಸ್ಥೆಯಿದ್ದು, ಡೊಮೇನ್ ಹೆಸರುಗಳ ಜಾಗತಿಕ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಹುಡುಕಾಟದ ಪುಟದಲ್ಲಿ ಯಾರು ಬೇಕಾದರೂ ಅದನ್ನು ನೋಡಬಹುದು. ಡಾಟ್ ಇನ್ ಆದರೆ ನಿಕ್ಸಿ ಸಂಸ್ಥೆ ನಡೆಸುವ ನೋಂದಣಿಯಲ್ಲಿ ನೋಡಬೇಕು. ಹೆಸರು ಮುಚ್ಚಿದ್ದರೂ ಸಾಮಾನ್ಯವಾಗಿ ರಾಜ್ಯ ಮತ್ತು ದೇಶ ಉಳಿದಿರುತ್ತವೆ. ಮೊದಲು ನೋಂದಾಯಿಸಿದ ದಿನ, ಅವಧಿ ಮುಗಿಯುವ ದಿನ, ಡೊಮೇನ್ ನೋಂದಾಯಿಸಿಕೊಡುವ ಕಂಪನಿ ಅಂದರೆ ರಿಜಿಸ್ಟ್ರಾರ್ ಯಾರು, ಡೊಮೇನ್ ಎಲ್ಲಿಗೆ ತೆರೆದುಕೊಳ್ಳಬೇಕೆಂದು ತಿಳಿಸುವ ನೇಮ್‌ಸರ್ವರ್ ಯಾವುದು ಎಂಬ ನಾಲ್ಕನ್ನು ಬರೆದಿಟ್ಟುಕೊಳ್ಳಿ. ನೇಮ್‌ಸರ್ವರ್ ಸೆಡೊ ಅಥವಾ ಆಫ್ಟರ್ನಿಕ್‌ನಂತಹ ಮಾರಾಟ ತಾಣದ್ದಾಗಿದ್ದರೆ ಮಾಲೀಕರು ಬಹುಶಃ ಡೊಮೇನ್ ವ್ಯಾಪಾರಿಗಳು. ಅಂಥವರನ್ನು ಆ ತಾಣದ ಮೂಲಕವೇ ಕೇಳುವುದು ಸರಿ.

ಮಾಲೀಕರಿಗೆ ಸಂದೇಶ ಕಳುಹಿಸಲು ರಿಜಿಸ್ಟ್ರಾರ್ ಅವರ ವಿಳಾಸ ತೋರಿಸದೆ ಸಂದೇಶ ದಾಟಿಸುವ ಒಂದು ಮರೆ ಇಮೇಲನ್ನೋ ಫಾರ್ಮನ್ನೋ ಒದಗಿಸಲೇಬೇಕು. ನಮ್ಮ ದಂಪತಿಗಳು ಮೂರು ಬಾರಿಯೂ ಬರೆದದ್ದು ಈ ಫಾರ್ಮಿನಲ್ಲೇ. ಅದರ ದೋಷವೆಂದರೆ, ಸಂದೇಶವು ಮಾಲೀಕರು ನೋಂದಣಿಯಲ್ಲಿ ಎಂದೋ ಕೊಟ್ಟ ಇಮೇಲಿಗೆ ಹೋಗುತ್ತದೆ, ಆ ಇಮೇಲ್ ಇನ್ನೂ ಬಳಕೆಯಲ್ಲಿದೆಯೇ ಎಂಬುದು ಕಳುಹಿಸಿದವರಿಗೆ ತಿಳಿಯುವುದೇ ಇಲ್ಲ.

ಎರಡನೆಯ ದಾರಿ ಡೊಮೇನಿನ ಒಳಗೇ ಇದೆ. ಜಾಲತಾಣ ಖಾಲಿಯಿದ್ದ ಮಾತ್ರಕ್ಕೆ ಡೊಮೇನ್ ಬಳಕೆಯಲ್ಲಿಲ್ಲ ಎನ್ನುವಂತಿಲ್ಲ, ಏಕೆಂದರೆ ಎಷ್ಟೋ ಕುಟುಂಬಗಳು ಮತ್ತು ಕಚೇರಿಗಳು ಅದನ್ನು ಇಮೇಲಿಗಾಗಿ ಮಾತ್ರ ಉಳಿಸಿಕೊಂಡಿರುತ್ತವೆ. ಡಿಎನ್‌ಎಸ್, ಅಂದರೆ ಡೊಮೇನಿನ ತಾಂತ್ರಿಕ ವಿವರಗಳ ಪಟ್ಟಿಯನ್ನು ತೋರಿಸುವ ಯಾವುದೇ ಉಚಿತ ಸಾಧನದಲ್ಲಿ, ಇಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆಯನ್ನು ನೋಡಿ. ಅದು ಇದ್ದರೆ ಅಲ್ಲಿ ಇಮೇಲ್ ಬರುವ ಸಾಧ್ಯತೆಯಿದೆ. ಆ ಡೊಮೇನಿನಲ್ಲಿ ಇನ್ಫೊ, ಅಡ್ಮಿನ್, ಪೋಸ್ಟ್‌ಮಾಸ್ಟರ್ ಎಂಬ ಹೆಸರುಗಳಿಗೆ ಒಂದೊಂದು ಪತ್ರ ಬರೆದು ನೋಡಬಹುದು. ಆದರೆ ಇಮೇಲಿಗೆ ಬಳಸುತ್ತಿರುವ ಡೊಮೇನನ್ನು ಬಿಟ್ಟುಕೊಡುವುದೆಂದರೆ ಮಾಲೀಕರು ಬ್ಯಾಂಕ್, ವಿಮೆ, ಸಂಬಂಧಿಕರು ಎಲ್ಲ ಕಡೆಯೂ ವಿಳಾಸ ಬದಲಿಸಬೇಕಾಗುತ್ತದೆ. ಆ ತೊಂದರೆಗೆ ತಕ್ಕ ಬೆಲೆ ಮತ್ತು ಕಾಲಾವಕಾಶ ಕೊಡಲು ಸಿದ್ಧರಿದ್ದರೆ ಮಾತ್ರ ಮುಂದುವರಿಯಿರಿ.

ಮೂರನೆಯ ದಾರಿಯ ಮೇಲೆ ನನಗೆ ಹೆಚ್ಚು ಭರವಸೆ. ಇಂಟರ್‌ನೆಟ್ ಆರ್ಕೈವ್ 1996ರಿಂದ ಜಾಲತಾಣಗಳ ಹಳೆಯ ಪುಟಗಳನ್ನು ಸಂಗ್ರಹಿಸುತ್ತ ಬಂದಿದ್ದು, ಅದರ ವೇಬ್ಯಾಕ್ ಮಷೀನಿನಲ್ಲಿ ಡೊಮೇನ್ ಹಾಕಿದರೆ ವರ್ಷವಾರು ಪುಟಗಳು ಕಾಣುತ್ತವೆ. ನಮ್ಮ ದಂಪತಿಗಳಿಗೆ ಬೇಕಾಗಿದ್ದ ಹೆಸರು ಅಡುಗೆಮನೆಗೆ ಸಂಬಂಧಿಸಿದ ಅಪ್ಪಟ ಕನ್ನಡ ಪದವಾಗಿತ್ತು. ಅಲ್ಲಿ 2011ರ ಒಂದು ಪುಟ ತೆರೆದುಕೊಂಡಿತು: ಬಾಳೆಎಲೆಯ ಚಿತ್ರ, ಮದುವೆ ಊಟದ ಗುತ್ತಿಗೆಯ ವಿವರ, ಕೆಳಗೆ 020ರಿಂದ ಆರಂಭವಾಗುವ ಪುಣೆಯ ಸ್ಥಿರ ದೂರವಾಣಿ ಸಂಖ್ಯೆ ಮತ್ತು ಅಂಗಡಿಯ ವಿಳಾಸ. ಸಂಖ್ಯೆ ಚಾಲ್ತಿಯಲ್ಲಿರಲಿಲ್ಲ, ವಿಳಾಸವಂತೂ ಇತ್ತು. ಪುಣೆಯಲ್ಲಿ ಕುಳಿತು ಕನ್ನಡದ ಪದವನ್ನು ಡೊಮೇನಾಗಿ ಇಟ್ಟುಕೊಂಡವರು ಕನ್ನಡ ಓದಬಲ್ಲರೆಂಬುದು ಸಹಜ ಊಹೆ. ಹಾಗಾಗಿ ಕನ್ನಡದಲ್ಲೇ ಪತ್ರ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿದೆವು. ಡೊಮೇನ್ ಬಗ್ಗೆ ಬರುವ ಇಂಗ್ಲಿಷ್ ಇಮೇಲುಗಳನ್ನು ಜನ ಮೋಸದ ಬಲೆಯೆಂದೇ ಅಳಿಸಿಹಾಕುತ್ತಾರೆ. ಮಾಲೀಕರು ಮರಾಠಿಯವರೆಂದು ಕಂಡರೆ ಮರಾಠಿಯಲ್ಲಿ, ಗೋವೆಯವರಾದರೆ ಕೊಂಕಣಿಯಲ್ಲಿ ಎರಡು ಸಾಲು ಸೇರಿಸುವುದೂ ಅಷ್ಟೇ ಉಪಯುಕ್ತ.

ಆ ಪತ್ರದ ಒಡಲು ಹೀಗಿತ್ತು: "ಮಾನ್ಯರೇ, ನಾವು ಮಾಟುಂಗಾದಲ್ಲಿ ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುವವರು. ನಿಮ್ಮಲ್ಲಿರುವ ಈ ಡೊಮೇನ್ ನಮ್ಮ ಅಂಗಡಿಯ ಹೆಸರೂ ಹೌದು. ನಿಮಗೆ ಅದರ ಬಳಕೆ ಇಲ್ಲವಾದರೆ 30,000 ರೂಪಾಯಿಗೆ ಕೊಳ್ಳಲು ಸಿದ್ಧರಿದ್ದೇವೆ. ವರ್ಗಾವಣೆಯ ಖರ್ಚು ನಮ್ಮದು. ಕೊಡಲು ಮನಸ್ಸಿಲ್ಲದಿದ್ದರೆ ಹಾಗೆಂದು ಒಂದು ಸಾಲು ತಿಳಿಸಿದರೂ ಸಾಕು, ಮತ್ತೆ ತೊಂದರೆ ಕೊಡುವುದಿಲ್ಲ." ಕೆಳಗೆ ಇಬ್ಬರ ಹೆಸರು, ಅಂಗಡಿಯ ವಿಳಾಸ, ಮೊಬೈಲ್ ಸಂಖ್ಯೆ. ಇದನ್ನೇ ಇಮೇಲಿನಲ್ಲಿ ಕಳುಹಿಸುವುದಾದರೆ ವಿಷಯದ ಸಾಲಿನಲ್ಲಿ ಡೊಮೇನ್ ಹೆಸರನ್ನು ಮಾತ್ರ ಬರೆಯಿರಿ. ಕಡತವನ್ನಾಗಲಿ ಕೊಂಡಿಯನ್ನಾಗಲಿ ಸೇರಿಸಬೇಡಿ.

ಮೊದಲ ಪತ್ರದಲ್ಲೇ ಮೊತ್ತ ಹೇಳಬಾರದು, ಎದುರಿನವರೇ ಹೇಳಲಿ ಎಂದು ವಾದಿಸುವವರು ಅನೇಕರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಉತ್ತರಿಸುತ್ತಿರುವವರೊಡನೆ ಆ ತಂತ್ರ ನಡೆದೀತು. ಉತ್ತರಿಸದವರಿಗೆ "ಬೆಲೆ ತಿಳಿಸಿ" ಎಂಬ ಪತ್ರವು ಒಂದು ಕೆಲಸವನ್ನು ಹೊರಿಸುತ್ತದೆ, ಮೊತ್ತವಿರುವ ಪತ್ರವಾದರೆ ಹೌದು ಅಥವಾ ಇಲ್ಲ ಎಂದರೆ ಮುಗಿಯುತ್ತದೆ. ನೀವು ಕೊಡಬಲ್ಲ ಗರಿಷ್ಠ ಮೊತ್ತದ ಅರ್ಧದಷ್ಟನ್ನು ಹೇಳಿದರೆ ಚೌಕಾಸಿಗೂ ಜಾಗ ಉಳಿಯುತ್ತದೆ. ಹತ್ತು ದಿನ ಕಾದು ಒಂದು ನೆನಪೋಲೆ, ಮತ್ತೆ ಮೂರು ವಾರಕ್ಕೆ ಇನ್ನೊಂದು, ಅನಂತರ ಮೂರು ತಿಂಗಳು ಸುಮ್ಮನಿರಿ. ಮಾಲೀಕರ ಮಕ್ಕಳ ಸಾಮಾಜಿಕ ಜಾಲತಾಣದ ಖಾತೆಗಳನ್ನು ಬೆನ್ನಟ್ಟುವುದು, ಮನೆಗೆ ಪದೇಪದೇ ಕರೆ ಮಾಡುವುದು ಸಭ್ಯತೆಯಲ್ಲ.

ನಮಗೆ ಹನ್ನೆರಡನೆಯ ದಿನ ಫೋನ್ ಬಂತು. ಮಾತನಾಡಿದವರು ಸೊಸೆ. ಮಾವನವರು ಅಡುಗೆ ಗುತ್ತಿಗೆ ನಿಲ್ಲಿಸಿ ವರ್ಷಗಳಾಗಿದ್ದವು. ನೋಂದಣಿಗೆ ಕೊಟ್ಟಿದ್ದ ಇಮೇಲ್ ಹಳೆಯ ಇಂಟರ್‌ನೆಟ್ ಸಂಪರ್ಕದ ಜೊತೆಗೇ ಹೋಗಿತ್ತು. ನವೀಕರಣದ ಹಣ ಮಾತ್ರ ಮಗನ ಕಾರ್ಡಿನಿಂದ ಪ್ರತಿ ವರ್ಷ ತಾನಾಗಿ ಕಡಿತವಾಗುತ್ತಿತ್ತು. "ಹೆಸರು ಇಟ್ಟುಕೊಂಡು ಏನು ಮಾಡ್ತೀರಿ ಅಂತ ಮಾವ ಕೇಳ್ತಿದ್ದಾರೆ" ಎಂದರು. ಅಂಗಡಿಯವರೇ ಅರ್ಧ ಗಂಟೆ ಅವರೊಡನೆ ಮಾತನಾಡಿದರು. ಮೊತ್ತದ ಬಗ್ಗೆ ಚರ್ಚೆಯೇ ಆಗಲಿಲ್ಲ.

ಅವಧಿ ಮುಗಿಯಲೆಂದು ಕಾಯುವ ಆಲೋಚನೆ ಹಲವರಿಗೆ ಬರುತ್ತದೆ. ಡಾಟ್ ಕಾಮ್ ಅವಧಿ ಮುಗಿದ ದಿನವೇ ಖಾಲಿಯಾಗುವುದಿಲ್ಲ: ಮೊದಲು ಗರಿಷ್ಠ 45 ದಿನಗಳ ನವೀಕರಣ ಅವಕಾಶ, ಅಳಿಸಿದ ಮೇಲೆ ಮಾಲೀಕರು ದಂಡ ತೆತ್ತು ಬಿಡಿಸಿಕೊಳ್ಳಬಹುದಾದ 30 ದಿನ, ಬಳಿಕ 5 ದಿನಗಳ ಅಂತಿಮ ಹಂತ. ಮೊದಲ ಹಂತದಲ್ಲಿ ದಾಖಲೆಯ ದಿನಾಂಕ ತಾನಾಗಿ ಒಂದು ವರ್ಷ ಮುಂದಕ್ಕೆ ಹೋಗುವುದರಿಂದ ಮಾಲೀಕರು ಹಣ ಕಟ್ಟಿದರೆಂದು ತಿಳಿಯಬೇಡಿ. ಎಷ್ಟೋ ಡೊಮೇನ್‌ಗಳು ಅಳಿಸುವ ಮೊದಲೇ ರಿಜಿಸ್ಟ್ರಾರ್‌ನ ಹರಾಜಿಗೆ ಹೋಗುತ್ತವೆ. ಡೊಮೇನ್ ಖಾಲಿಯಾದೊಡನೆ ನಿಮಗಾಗಿ ಹಿಡಿಯಲು ಯತ್ನಿಸುವ ಕಾದಿರಿಸುವ ಸೇವೆಯೊಂದರಲ್ಲಿ ಅದರ ಹೆಸರು ನಮೂದಿಸಿಡಿ, ಆದರೆ ಅದನ್ನೇ ನಂಬಿ ಪತ್ರ ಬರೆಯುವುದನ್ನು ಬಿಡಬೇಡಿ.

ಇನ್ನು ಕಾನೂನು. ಬಾಂಬೆ ಹೈಕೋರ್ಟ್ 1999ರಲ್ಲೇ ರೆಡಿಫ್ ಜಾಲತಾಣದ ಹೆಸರನ್ನು ಹೋಲುವ ಡೊಮೇನ್ ಬಳಕೆಗೆ ತಡೆ ನೀಡಿತ್ತು. ಸುಪ್ರೀಂ ಕೋರ್ಟ್ 2004ರ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಡೊಮೇನ್ ಹೆಸರಿಗೂ ವ್ಯಾಪಾರನಾಮದಂತಹ ರಕ್ಷಣೆಯಿದೆ ಎಂದಿತು. ಡಾಟ್ ಕಾಮ್‌ಗೆ ಯುಡಿಆರ್‌ಪಿ, ಡಾಟ್ ಇನ್‌ಗೆ ಐಎನ್‌ಡಿಆರ್‌ಪಿ ಎಂಬ ವ್ಯಾಜ್ಯ ವ್ಯವಸ್ಥೆಗಳಿವೆ. ಆದರೆ ನಿಮ್ಮ ಹೆಸರನ್ನು ದುರುದ್ದೇಶದಿಂದ ಕಸಿದುಕೊಂಡವರ ಮೇಲೆ ಬಳಸಬೇಕಾದ ಹಾದಿ ಅದು. ನಿಮಗಿಂತ ಮೊದಲು ಆ ಪದವನ್ನು ಪ್ರಾಮಾಣಿಕವಾಗಿ ಇಟ್ಟುಕೊಂಡವರನ್ನು ವಕೀಲರ ನೋಟಿಸಿನಿಂದ ಹೆದರಿಸುವುದು ಅನ್ಯಾಯ, ಅದರಿಂದ ಕೆಲಸವೂ ಕೆಡುತ್ತದೆ. ಸಂಪರ್ಕ ವಿವರ ತಪ್ಪಿದೆಯೆಂದು ರಿಜಿಸ್ಟ್ರಾರ್‌ಗೆ ದೂರು ಕೊಡಿಸುವ ಸಲಹೆಯನ್ನೂ ಕೇಳಬೇಡಿ. ಡೊಮೇನ್ ರದ್ದಾದರೂ ಅದು ನಿಮ್ಮ ಕೈಗೇ ಬರುತ್ತದೆಂಬ ಖಾತರಿಯಿಲ್ಲ.

ಮಾತು ಕುದುರಿದ ಮೇಲೆ ಎದುರಿನವರು ನಿಜವಾಗಿ ಮಾಲೀಕರೇ ಎಂದು ಪರೀಕ್ಷಿಸಬೇಕು. ನೀವು ಹೇಳಿದ ಒಂದು ಪದವನ್ನು ಡಿಎನ್‌ಎಸ್‌ನಲ್ಲಿ ಪಠ್ಯ ಬರೆದಿಡುವ ಟಿಎಕ್ಸ್‌ಟಿ ದಾಖಲೆಯಲ್ಲಿ ಸೇರಿಸಲು ಕೇಳಿ. ಡೊಮೇನಿನ ಡಿಎನ್‌ಎಸ್ ಕೈಯಲ್ಲಿದ್ದವರು ಮಾತ್ರ ಅದನ್ನು ಮಾಡಬಲ್ಲರು. ಪುಣೆಯವರಿಗೆ ಇದನ್ನು ಫೋನಿನಲ್ಲಿ ಹೇಳಿಕೊಟ್ಟೆ, ಮಗ ಸಂಜೆ ಮಾಡಿ ತೋರಿಸಿದರು. ಕಳೆದುಕೊಂಡರೆ ತಡೆದುಕೊಳ್ಳಲಾಗದ ಮೊತ್ತವಾದರೆ ವರ್ಗಾವಣೆ ಮುಗಿಯುವವರೆಗೆ ಹಣವನ್ನು ಮಧ್ಯದಲ್ಲಿ ಹಿಡಿದಿಡುವ ಎಸ್ಕ್ರೋ ಸೇವೆಯ ಮೂಲಕವೇ ಕೊಡಿ, ಅದರ ವಿಳಾಸವನ್ನು ನೀವೇ ಟೈಪ್ ಮಾಡಿ ತೆರೆಯಿರಿ, ಎದುರಿನವರು ಕಳುಹಿಸಿದ ಕೊಂಡಿಯನ್ನು ಒತ್ತಬೇಡಿ. ವಿದೇಶಕ್ಕೆ ಹಣ ಹೋಗುವುದಾದರೆ ಮೊದಲು ನಿಮ್ಮ ಸಿಎ ಅವರನ್ನು ಕೇಳಿ.

ವರ್ಗಾವಣೆಗೆ ಎರಡು ಬಗೆ. ಇಬ್ಬರಿಗೂ ಒಂದೇ ರಿಜಿಸ್ಟ್ರಾರ್‌ನಲ್ಲಿ ಖಾತೆಯಿದ್ದರೆ ಒಂದು ಖಾತೆಯಿಂದ ಇನ್ನೊಂದಕ್ಕೆ ನೇರವಾಗಿ ಸರಿಸಬಹುದು, ಇದೇ ಸುಲಭ. ಬೇರೆ ರಿಜಿಸ್ಟ್ರಾರ್‌ಗೆ ಒಯ್ಯುವುದಾದರೆ ಮಾಲೀಕರು ತಮ್ಮ ಖಾತೆಯಲ್ಲಿ ಡೊಮೇನಿನ ವರ್ಗಾವಣೆಗೆ ಹಾಕಿರುವ ಬೀಗ ತೆಗೆದು, ಆಥ್ ಕೋಡ್ ಎಂಬ ಗುಪ್ತ ಸಂಕೇತವನ್ನು ಕೊಡಬೇಕು. ನೋಂದಾಯಿಸಿದ ಅಥವಾ ವರ್ಗಾಯಿಸಿದ ಮೊದಲ 60 ದಿನ ಇದು ಸಾಮಾನ್ಯವಾಗಿ ಸಾಧ್ಯವಿಲ್ಲ. ನೇಮ್‌ಸರ್ವರ್ ಬದಲಾದರೆ ಡೊಮೇನ್ ನಿಮ್ಮದಾದಂತಲ್ಲ. ಅದು ನಿಮ್ಮ ಖಾತೆಯಲ್ಲಿ, ನಿಮ್ಮ ಹೆಸರಿನಲ್ಲಿ ಕಾಣಿಸಿದ ಮೇಲೆಯೇ ಪೂರ್ತಿ ಹಣ ಬಿಡುಗಡೆ ಮಾಡಿ, ಅಂದೇ ಸ್ವಯಂ ನವೀಕರಣವನ್ನೂ ಎರಡು ಹಂತದ ಭದ್ರತೆಯನ್ನೂ ಹಾಕಿಕೊಳ್ಳಿ. ಸಂಪರ್ಕದ ಇಮೇಲ್ ಕೇಳುವ ಜಾಗಕ್ಕೆ ಬಂದಾಗ ಅಂಗಡಿಯ ಯಜಮಾನರು ತಮ್ಮದನ್ನು ಅರ್ಧ ಟೈಪ್ ಮಾಡಿ ನಿಲ್ಲಿಸಿದರು. ಪುಣೆಯವರ ಕಥೆ ನೆನಪಾಯಿತೇನೋ, ಅದನ್ನು ಅಳಿಸಿ, ಲೆಕ್ಕಪತ್ರ ನೋಡಿಕೊಳ್ಳುವ ಮಗಳನ್ನು ಕರೆದು ಅವಳ ಇಮೇಲನ್ನು ಬರೆಸಿದರು.