ಜಾಗದ ಹಳೇ ಆಧಾರ ಓದುತ್ತಾ ಕುಂಬಳೆಯ ಚರಿತ್ರೆ ಹುಡುಕಿದ್ದು

ಕಾಸರಗೋಡಿನ ಕುಂಬಳೆ ಪೇಟೆಯ ಚರಿತ್ರೆ ಬರೆಯಬೇಕು ಎಂದು ಹೊರಟಾಗ ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಹಿರಿಯರ ಜಗಲಿಯಲ್ಲಿ ಕೂತು, ಮೊಬೈಲಿನ ರೆಕಾರ್ಡರ್ ಒತ್ತಿ, "1956ರಲ್ಲಿ ಎಂತಾಯ್ತು?" ಎಂದು ಕೇಳುತ್ತಿದ್ದೆ. ಕನ್ನಡದವರು ಒಂದು ಹೇಳುತ್ತಿದ್ದರು, ಮಲಯಾಳದವರು ಇನ್ನೊಂದು. ಎರಡೂ ಭಾಷಣವೇ. ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ್ದು, ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗವನ್ನು ಮೈಸೂರಿಗೆ, ಎಂದರೆ ಈಗಿನ ಕರ್ನಾಟಕಕ್ಕೆ ಕೊಡಿ ಎಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿದ್ದು, ಅದು ಹಾಗೆಯೇ ಉಳಿದದ್ದು. ಇದೆಲ್ಲ ನನಗೂ ಬಾಯಿಪಾಠ. ಆದರೆ ಆಗ ಪೇಟೆಯಲ್ಲಿ ಯಾರ ಅಂಗಡಿ ಎಲ್ಲಿತ್ತು ಎಂದು ಕೇಳಿದರೆ, "ಅಯ್ಯೋ, ಅದೆಲ್ಲ ಯಾರಿಗೆ ನೆನಪುಂಟು ಮಾಸ್ಟ್ರೇ" ಎನ್ನುತ್ತಿದ್ದರು.

ದಾರಿ ತೋರಿಸಿದ್ದು ಒಂದು ಪ್ಲಾಸ್ಟಿಕ್ ಚೀಲ.

ಆರಿಕ್ಕಾಡಿ ಕಡೆಯ ಮಾಪಿಳ್ಳೆಯವರೊಬ್ಬರು ಒಂದು ಸಂಜೆ ಮನೆಗೆ ಬಂದರು. "ಮಾಷೇ, ನಿಮಗೆ ಹಳೇ ಕನ್ನಡ ಓದ್ಲಿಕ್ಕೆ ಬರ್ತದಲ್ಲ?" ಎಂದರು. ಚೀಲದಲ್ಲಿ ಅವರ ಅಜ್ಜನ ಕಾಲದ ಜಾಗದ ಆಧಾರ, ಎಂದರೆ ದಸ್ತಾವೇಜು. ಮಡಿಕೆಯಲ್ಲೆಲ್ಲ ಹರಿದಿತ್ತು, ಅಂಚನ್ನು ಹುಳ ತಿಂದಿತ್ತು. ಮನೆಯಲ್ಲಿ ಪಾಲು ಆಗಬೇಕಿತ್ತು. ಆದರೆ ಕಾಗದದಲ್ಲಿ ಏನುಂಟು ಎಂದು ಓದುವವರೇ ಇರಲಿಲ್ಲ. ಅಜ್ಜ ರುಜು ಹಾಕಿದ್ದು ಕನ್ನಡದಲ್ಲಿ. ಮೊಮ್ಮಗ ಕಲಿತದ್ದು ಮಲಯಾಳದಲ್ಲಿ.

ಇದರಲ್ಲಿ ಆಶ್ಚರ್ಯ ಏನಿಲ್ಲ. 1956ರ ತನಕ ನಮ್ಮದು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆ. ಮನೆಮಾತು ತುಳು ಇರಲಿ, ಮಲಯಾಳ ಇರಲಿ, ಕೊಂಕಣಿ, ಮರಾಠಿ ಇರಲಿ, ಇಲ್ಲಿ ಜಾಗದ ಕಾಗದ ಕನ್ನಡದಲ್ಲೇ ಆಗುತ್ತಿತ್ತು. ಅದರಲ್ಲಿ ಬರುವ ವರ್ಗ (ಪಟ್ಟೆ ಜಾಗ), ಕುಮ್ಕಿ (ವರ್ಗಕ್ಕೆ ತಾಗಿದ ಸರಕಾರಿ ಜಾಗ), ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿ (ಧನಿ ಬಿಡಿಸಬಹುದಾದ ಗೇಣಿ) ಎಂಬ ಮಾತುಗಳು ಈಗಿನ ಕನ್ನಡದ ಮಕ್ಕಳಿಗೂ ಗೊತ್ತಿಲ್ಲ. ನನಗೆ ಗೊತ್ತಿದ್ದದ್ದು ನನ್ನ ಅಪ್ಪನಿಂದ.

ಆ ದಿನ ಓದಿಕೊಟ್ಟೆ. ವಾರದೊಳಗೆ ಇನ್ನೊಬ್ಬರು ಬಂದರು, ಆಮೇಲೆ ಅವರ ನೆಂಟರು. ನಾನು ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಚಕ್ಕುಬಂದಿಯನ್ನು, ಎಂದರೆ ಜಾಗದ ನಾಲ್ಕು ದಿಕ್ಕಿನ ಗಡಿಯನ್ನು ಮಾತ್ರ ನನ್ನ ಪುಸ್ತಕಕ್ಕೆ ಬರೆದುಕೊಳ್ಳಲು ಒಪ್ಪಿಗೆ ಕೇಳುತ್ತಿದ್ದೆ. ಮೂಡು, ತೆಂಕು, ಪಡು, ಬಡಗು, ಈ ನಾಲ್ಕು ಗೆರೆ ಸಾಕು. ಮೂಡಿಗೆ ಇಂಥವರ ಅಂಗಡಿ, ತೆಂಕಿಗೆ ತೋಡು, ಪಡುವಿಗೆ ಬಂಡಿದಾರಿ, ಬಡಗಿಗೆ ಇಂಥವರ ಮನೆ. ಒಬ್ಬರ ಕಾಗದದಲ್ಲಿ ಮೂಡಿಗೆ ಇದ್ದವರೇ ಪಕ್ಕದ ಕಾಗದದ ಯಜಮಾನರು. ಹೀಗೆ ಒಂದಕ್ಕೊಂದು ಸೇರಿಸುತ್ತಾ ಹೋದರೆ ಹಳೇ ಬೀದಿ ತನ್ನಷ್ಟಕ್ಕೇ ಎದ್ದು ಬರುತ್ತದೆ. ಕ್ಯಾಲೆಂಡರುಗಳ ಹಿಂಬದಿಯನ್ನು ಅಂಟಿಸಿ ಅದರ ಮೇಲೆ ಪೆನ್ಸಿಲಿನಲ್ಲಿ ನಕ್ಷೆ ಹಾಕಿದೆ. ಪೆನ್ನು ಬೇಡ. ಯಾಕೆಂದು ಈಗ ಹೇಳುತ್ತೇನೆ.

ಒಂದು ಕಾಗದದಲ್ಲಿ ಗುಡ್ಡೆಯ ಪಕ್ಕ ಒಂದು ಪದ ಇತ್ತು. ಆ ಕಾಲದ ಬರವಣಿಗೆಯಲ್ಲಿ ದೀರ್ಘವೂ ಒಂದೇ, ಹ್ರಸ್ವವೂ ಒಂದೇ. ಲ ಮತ್ತು ಳ ಬೇರೆ ಮಾಡಲು ಭೂತಗನ್ನಡಿ ಬೇಕು. ನಾನು ಅದನ್ನು 'ಮೂಲಿ' ಎಂದು ಓದಿದೆ, ಎಂದರೆ ಮೂಲದ ಹಕ್ಕಿನ ಜಾಗ. ಮನೆಯವರಿಗೆ ಖುಷಿಯೋ ಖುಷಿ. ಒಳಗೆ ಕೂತು ಅಡಿಕೆ ಸುಲಿಯುತ್ತಿದ್ದ ಅಜ್ಜಿ ತಲೆ ಎತ್ತದೆ ತುಳುವಿನಲ್ಲಿ ಏನೋ ಹೇಳಿದರು. ಅದು ಮುಳಿ, ಮಾಸ್ಟ್ರೇ. ಮುಳಿಗುಡ್ಡೆ. ಮನೆಯ ಮಾಡಿಗೆ ಹೊದೆಸುವ ಮುಳಿಹುಲ್ಲನ್ನು ಅವರು ಸಣ್ಣ ಪ್ರಾಯದಲ್ಲಿ ಅಲ್ಲಿಂದಲೇ ಕೊಯ್ದು ಹೊತ್ತು ತರುತ್ತಿದ್ದರಂತೆ. ಯಾವ ಹಬ್ಬ ಕಳೆದ ಮೇಲೆ ಕೊಯ್ಯುವುದು, ಒಂದು ಹೊರೆಗೆ ಎಷ್ಟು ಸಿಗುತ್ತಿತ್ತು, ಗುಡ್ಡೆ ಇಳಿಯುವಾಗ ಯಾರ ಅಂಗಳ ದಾಟಬೇಕಿತ್ತು, ಎಲ್ಲ ಬಂತು. ಇದೇ ಅಜ್ಜಿಯ ಹತ್ತಿರ ಎರಡು ವರ್ಷ ಹಿಂದೆ ನಾನು ರೆಕಾರ್ಡರ್ ಹಿಡಿದು ಕೂತಿದ್ದೆ. ಆಗ ಅವರು ಹೇಳಿದ್ದು "ನನಗೆಂತ ಗೊತ್ತು" ಅಷ್ಟೇ. ಅಂದಿನಿಂದ ಓದಲಿಕ್ಕೆ ಕೂರುವಾಗ ಮನೆಯ ಹಿರಿಯ ಹೆಂಗಸರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ.

ಇನ್ನೊಂದು ಪೆಟ್ಟು ಇದಕ್ಕಿಂತ ಜೋರು. ಒಬ್ಬ ಅಣ್ಣ ಒಬ್ಬನೇ ಬಂದು ಓದಿಸಿಕೊಂಡು ಹೋದ. ಮರುದಿನ ತಮ್ಮ ಗೇಟಿನ ಹೊರಗೆ ನಿಂತು ನನ್ನ ಮೇಲೆ ಕೂಗಾಡಿದ. ಅವನದ್ದು ತಪ್ಪಲ್ಲ. ಪಾಲಿನ ತಕರಾರು ಉಂಟಾ ಎಂದು ಮೊದಲು ಕೇಳಿಕೊಳ್ಳಿ. ಉಂಟು ಎಂದರೆ ಎಲ್ಲರೂ ಒಟ್ಟಿಗೆ ಬಂದರೆ ಮಾತ್ರ ಓದಿ. ಫೋಟೋ ಅಂತೂ ತೆಗೆಯಲೇಬೇಡಿ.

ಗೇಣಿಚೀಟುಗಳನ್ನು, ಎಂದರೆ ಗದ್ದೆ ಗೇಣಿಗೆ ಕೊಟ್ಟ ಕರಾರುಗಳನ್ನು ನಾನು ಮೊದಮೊದಲು ಬದಿಗಿಡುತ್ತಿದ್ದೆ. ಏಣೆಲಿಗೆ (ಮಳೆಗಾಲದ ಬೆಳೆಗೆ) ಇಷ್ಟು ಮುಡಿ ಅಕ್ಕಿ, ಸುಗ್ಗಿಗೆ (ಎರಡನೇ ಬೆಳೆಗೆ) ಇಷ್ಟು ಮುಡಿ, ಅಷ್ಟೇ ತಾನೇ ಎಂದು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ ಎಂದು ಲೆಕ್ಕ ಹಾಕುತ್ತಾ ಕೂತಾಗ ಡುವಾರ್ತೆ ಬಾರ್ಬೊಸಾ ನೆನಪಾದ. 1514ರ ಸುಮಾರಿಗೆ ಈ ಕಡೆ ಬಂದ ಪೋರ್ಚುಗೀಸ. ಇಲ್ಲಿಂದ ಅಕ್ಕಿ ಮಾಲ್ಡೀವ್ಸಿಗೆ ಹೋಗುತ್ತಿತ್ತು, ಅಲ್ಲಿಂದ ತೆಂಗಿನ ನಾರು ಬರುತ್ತಿತ್ತು ಎಂದು ಬರೆದಿಟ್ಟಿದ್ದಾನೆ. ನಮ್ಮ ಗದ್ದೆಯ ಅಕ್ಕಿಗೆ ಅಷ್ಟು ಹಳೇ ಕಡಲದಾರಿ ಉಂಟು. ಆ ಗದ್ದೆಗಳಲ್ಲಿ ಎಷ್ಟೋ ಈಗ ಅಡಿಕೆ ತೋಟ.

ಗಡಿ ಎಂದರೆ ಏನು ಎಂದು ನನಗೆ ಸರಿಯಾಗಿ ಗೊತ್ತಾದದ್ದೂ ಈ ಚೀಟುಗಳಿಂದಲೇ. ಒಬ್ಬರೇ ಧನಿ (ಜಮೀನುದಾರರು), ಗದ್ದೆ ಕೇರಳ-ಕರ್ನಾಟಕ ಗಡಿಯ ಆಚೆಗೂ ಈಚೆಗೂ. ಈಚೆಯ ಒಕ್ಕಲಿಗೆ ಕೇರಳದ ಭೂಸುಧಾರಣೆ ಕಾನೂನು 1970ರ ಜನವರಿ 1ರಿಂದಲೇ ಹಕ್ಕು ಕೊಟ್ಟಿತು. ಆಚೆಯ ಒಕ್ಕಲು ಕರ್ನಾಟಕದ ಕಾನೂನಿಗೆ 1974ರ ತಿದ್ದುಪಡಿ ಬರುವ ತನಕ ಕಾದು, ಆಮೇಲೆ ಡಿಕ್ಲರೇಶನ್, ಎಂದರೆ ಹಕ್ಕು ಕೇಳುವ ಅರ್ಜಿ ಹಾಕಬೇಕಾಯಿತು. ಇಬ್ಬರೂ ಒಂದೇ ಕುಟುಂಬದವರು, ಒಂದೇ ಭೂತಕ್ಕೆ ಕೈಮುಗಿಯುವವರು. ನಾಲ್ಕು ವರ್ಷ ಒಬ್ಬ ಯಜಮಾನ, ಇನ್ನೊಬ್ಬ ಗೇಣಿದಾರ. ಆ ನಾಲ್ಕು ವರ್ಷದಲ್ಲಿ ಮದುವೆ ಮನೆಯಲ್ಲಿ ಯಾರು ಎಲ್ಲಿ ಕೂತರು ಎಂದು ಕೇಳಿದರೆ ಜನ ಈಗಲೂ ನಗುತ್ತಾರೆ, ಕೆಲವರು ನಗುವುದಿಲ್ಲ.

ಕುಂಬಳೆಯ ಕಣಿಪುರ ದೇವಸ್ಥಾನ, ಯಕ್ಷಗಾನದ ಕವಿ ಪಾರ್ತಿಸುಬ್ಬ, ಕುಂಬಳೆ ಅರಸರ ಮಾಯಿಪ್ಪಾಡಿ ಅರಮನೆ, ಇದಕ್ಕೆಲ್ಲ ನಾನು ಕೈಹಾಕಲಿಲ್ಲ. ಬರೆದವರು ಬೇಕಾದಷ್ಟು ಇದ್ದಾರೆ.

ನಕ್ಷೆ ಈಗ ಮುಕ್ಕಾಲು ತುಂಬಿದೆ. ಬೀದಿಯ ಬಡಗು ಬದಿಯಲ್ಲಿ ಮೂರು ಅಂಗಡಿ ಅಗಲದ ಜಾಗ ಖಾಲಿ. ಸುತ್ತಲಿನ ಎಲ್ಲ ಕಾಗದಗಳೂ ಆ ಜಾಗ ಒಂದೇ ಮನೆತನದ್ದು ಎನ್ನುತ್ತವೆ. ಅವರನ್ನು ಹುಡುಕಿ ಮಾತಾಡಿದೆ. ಟ್ರಂಕು ಮನೆಯಲ್ಲೇ ಉಂಟಂತೆ. ಬೀಗದಕೈ ಮಾತ್ರ ತಮ್ಮನ ಹತ್ತಿರ, ತಮ್ಮ ದುಬೈಯಲ್ಲಿ. ಪೆರ್ನಾಳಿಗೆ (ಈದ್ ಹಬ್ಬಕ್ಕೆ) ಬರುತ್ತಾನೆ ಎಂದಿದ್ದಾರೆ.