ಇಬ್ಬರ ವಿದೇಶ ಪ್ರವಾಸ: ಎಡವಟ್ಟಾದಾಗ ಮೊದಲು ಏನು, ಆಮೇಲೆ ಏನು?

ದಾವಣಗೆರೆಯಿಂದ ವಿದೇಶಕ್ಕೆ ಹೊರಟ ದಂಪತಿಯ ಸಾಮಾನುಗಳನ್ನು ಒಮ್ಮೆ ಗಮನಿಸಿ. ಎರಡೂ ಪಾಸ್‌ಪೋರ್ಟ್‌ಗಳು ಗಂಡನ ಹೆಗಲ ಚೀಲದಲ್ಲಿ. ಟಿಕೆಟ್, ಹೋಟೆಲ್ ಬುಕಿಂಗ್, ವಿಮೆಯ ಪತ್ರ ಗಂಡನ ಮೊಬೈಲ್‌ನಲ್ಲಿ. ಹೆಂಡತಿಯ ಬ್ಯಾಂಕ್ ಖಾತೆಗೆ ಕೊಟ್ಟಿರುವ ನಂಬರ್ ಕೂಡ ಗಂಡನದೇ. ಇಬ್ಬರ ಔಷಧ, ಚಾರ್ಜರ್, ಒಡವೆ ಹೆಂಡತಿಯ ಒಂದೇ ಸೂಟ್‌ಕೇಸಿನಲ್ಲಿ. ಹೊರಟವರು ಇಬ್ಬರಾದರೂ, ಪ್ರವಾಸ ಕೆಡಲು ಒಂದು ಚೀಲ ಕಳೆದರೆ ಸಾಕು. ಪರದೇಶದಲ್ಲಿ ಆಗುವ ಎಡವಟ್ಟುಗಳಲ್ಲಿ ಬಹುಪಾಲು ಚಿಕ್ಕವು. ಅವು ದೊಡ್ಡವಾಗುವುದು ಇಂಥ ಏರ್ಪಾಡಿನಿಂದ.

ಹೆಜ್ಜೆ 1: ಮನೆಯಲ್ಲೇ ಎರಡು ಪಾಲು ಮಾಡಿ

ಅವರವರ ಪಾಸ್‌ಪೋರ್ಟ್ ಅವರವರ ಬಳಿ ಇರಲಿ. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ, ವಿಮೆಯ ಪಾಲಿಸಿ, ಎರಡು ಫೋಟೊ, ಇವುಗಳ ನಕಲು ಒಬ್ಬರದು ಇನ್ನೊಬ್ಬರ ಚೀಲದಲ್ಲಿರಲಿ. ಇಬ್ಬರ ಮೊಬೈಲ್‌ನಲ್ಲೂ ಇರಲಿ. ಊರಿನಲ್ಲಿರುವ ಒಬ್ಬ ನಂಬಿಕಸ್ಥರಿಗೂ ಕಳಿಸಿಡಿ. ಬಟ್ಟೆಯಲ್ಲೂ ಇದೇ ಲೆಕ್ಕ: ಅವರ ಎರಡು ಜೊತೆ ಇವರ ಸೂಟ್‌ಕೇಸಿನಲ್ಲಿ, ಇವರ ಎರಡು ಜೊತೆ ಅವರದರಲ್ಲಿ. ಒಂದು ಸೂಟ್‌ಕೇಸ್ ಬರದಿದ್ದರೂ ಇಬ್ಬರಿಗೂ ಮಾರನೆಯ ದಿನದ ಬಟ್ಟೆ ಇರುತ್ತದೆ. ದಿನವೂ ನುಂಗುವ ಮಾತ್ರೆಗಳು ವೈದ್ಯರ ಚೀಟಿಯೊಡನೆ ಕೈಚೀಲದಲ್ಲೇ ಇರಬೇಕು.

ಬ್ಯಾಂಕ್ ಕಾರ್ಡುಗಳ ವಿಷಯ. 2020ರಲ್ಲಿ ರಿಸರ್ವ್ ಬ್ಯಾಂಕ್ ಜಾರಿಗೆ ತಂದ ನಿಯಮದ ಪ್ರಕಾರ ಹೊಸ ಕಾರ್ಡು ದೇಶದೊಳಗಿನ ಎಟಿಎಂ ಮತ್ತು ಅಂಗಡಿ ಯಂತ್ರಗಳಲ್ಲಿ ಮಾತ್ರ ನಡೆಯುತ್ತದೆ; ವಿದೇಶಿ ಬಳಕೆಯನ್ನು ನೀವೇ ಬ್ಯಾಂಕ್ ಆ್ಯಪ್‌ನಲ್ಲಿ ತೆರೆಯಬೇಕು. ಹೊರಡುವ ವಾರವೇ ತೆರೆದು, ಮಿತಿಯನ್ನೂ ನಿಗದಿ ಮಾಡಿ. ಬೇರೆ ಬೇರೆ ಬ್ಯಾಂಕಿನ ಎರಡು ಕಾರ್ಡು ಬೇರೆ ಬೇರೆ ಕೈಯಲ್ಲಿರಲಿ. ಒಟಿಪಿ ಬರಬೇಕಾದ ಸಿಮ್ ರೋಮಿಂಗ್‌ನಲ್ಲಿ ಚಾಲ್ತಿಯಲ್ಲಿರಲಿ. ಅಲ್ಲಿನ ಸಿಮ್ ಹಾಕಲೆಂದು ನಮ್ಮ ಸಿಮ್ ತೆಗೆದು ಪರ್ಸಿನಲ್ಲಿಟ್ಟು, ಕೊನೆಗೆ ಹಣ ಕಟ್ಟಲಾಗದೆ ಹೋಟೆಲ್ ಕೌಂಟರಿನಲ್ಲಿ ನಿಲ್ಲುವವರು ಬಹಳ.

ಹೆಜ್ಜೆ 2: ಹೆಸರು ನೋಡಿ, ತಾರೀಖು ನೋಡಿ

ನಮ್ಮ ಕಡೆಯವರ ಹೆಸರಿನಲ್ಲಿ ಇನಿಷಿಯಲ್ಲುಗಳದೇ ಗೋಳು. ಪಾಸ್‌ಪೋರ್ಟಿನಲ್ಲಿ ಅವು ಊರಿನ ಹೆಸರು, ತಂದೆಯ ಹೆಸರಾಗಿ ಬಿಡಿಸಿಕೊಂಡಿರುತ್ತವೆ. ಹೊಸದಾಗಿ ಮದುವೆಯಾದವಳ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರಿದ್ದರೆ, ಟಿಕೆಟ್ ಮಾಡಿಸಿದ ಭಾವನೋ ಏಜೆಂಟನೋ ಗಂಡನ ಹೆಸರು ಸೇರಿಸಿಬಿಟ್ಟಿರುತ್ತಾನೆ. ಒಂದೆರಡು ಅಕ್ಷರದ ತಪ್ಪನ್ನು ವಿಮಾನ ಕಂಪನಿಗಳು ಸಾಮಾನ್ಯವಾಗಿ ತಿದ್ದಿಕೊಡುತ್ತವೆ, ಇಡೀ ಹೆಸರನ್ನು ಬದಲಿಸುವುದಿಲ್ಲ. ಉಪನಾಮದ ಜಾಗ ಖಾಲಿಯಿದ್ದು ಒಂದೇ ಪದದ ಹೆಸರಿರುವವರು ದುಬೈಗೆ ಹೋಗುವ ಮುನ್ನ ವಿಚಾರಿಸಲೇಬೇಕು. 2022ರ ನವೆಂಬರ್‌ನಿಂದ ಅಲ್ಲಿ ಇದಕ್ಕೆ ಪ್ರತ್ಯೇಕ ನಿರ್ಬಂಧ ಬಂದಿದೆ. ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳು ಉಳಿದಿರಬೇಕು ಎಂಬುದನ್ನು ಬಹಳ ದೇಶಗಳು ಕೇಳುತ್ತವೆ.

ಇನ್ನು ತಾರೀಖು. ಟಿಕೆಟಿನಲ್ಲಿ 15ನೇ ತಾರೀಖು 00:40 ಎಂದಿದ್ದರೆ ನೀವು ವಿಮಾನ ನಿಲ್ದಾಣದಲ್ಲಿರಬೇಕಾದದ್ದು 14ರ ರಾತ್ರಿ. ಮಧ್ಯರಾತ್ರಿಯ ವಿಮಾನ ಮೋಸ ಮಾಡುವುದು ಇಲ್ಲೇ. ದಾವಣಗೆರೆಯಿಂದ ದೇವನಹಳ್ಳಿಗೆ ಸುಮಾರು 260 ಕಿ.ಮೀ. ಹಿರಿಯೂರು, ಶಿರಾ, ತುಮಕೂರು ದಾಟಿ, ಊಟ-ಚಹಾ ಸೇರಿದರೆ ಐದರಿಂದ ಆರು ಗಂಟೆ. ಮೂರು ಗಂಟೆ ಮುಂಚೆ ತಲುಪಬೇಕು, ಅಂದರೆ ರಾತ್ರಿ ಒಂಬತ್ತೂವರೆಗೆ. ಒಂದು ಪಂಕ್ಚರಿಗೂ ಒಂದು ಜಾಮಿಗೂ ಬಿಡುವು ಇಟ್ಟುಕೊಂಡರೆ 14ರ ಮಧ್ಯಾಹ್ನ ಎರಡು ಗಂಟೆಗೆ ಮನೆ ಬಿಡಬೇಕು. ಚಿತ್ರದುರ್ಗದವರಿಗೆ ಇನ್ನೊಂದು ಗಂಟೆ ಸಿಗುತ್ತದೆ. ಕಾರಿನವರು ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋದರೆ ಬೆಂಗಳೂರಿನ ಒಳಗೆ ಸಿಕ್ಕಿಕೊಳ್ಳುವುದು ತಪ್ಪುತ್ತದೆ. ಚಾಲಕನಿಗೆ ಎರಡನೇ ಟರ್ಮಿನಲ್ ಎಂದೇ ಹೇಳಿ. 2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳು ಅಲ್ಲಿಂದಲೇ ಹೊರಡುತ್ತವೆ.

ಥಾಯ್ಲೆಂಡ್, ಸಿಂಗಪುರ, ಮಲೇಷ್ಯಾಗಳಿಗೆ ಹೋಗುವವರು ಪ್ರವೇಶದ ಡಿಜಿಟಲ್ ಕಾರ್ಡನ್ನು ತಲುಪುವುದಕ್ಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಆ ದೇಶಗಳ ಸರ್ಕಾರಿ ಜಾಲತಾಣದಲ್ಲಿ ಇದು ಉಚಿತ. ದುಡ್ಡು ಕೇಳುವ ತಾಣ ಸರ್ಕಾರದ್ದಲ್ಲ.

ಹೆಜ್ಜೆ 3: ಅಮ್ಮ ಕಟ್ಟಿಕೊಟ್ಟ ಗಂಟನ್ನು ಬಿಚ್ಚಿ ನೋಡಿ

ಶೇಂಗಾ ಚಟ್ನಿಪುಡಿ, ಅವಲಕ್ಕಿಯ ಬಗ್ಗೆ ಹೆಚ್ಚಿನ ತಕರಾರಿಲ್ಲ. ಪಾಯಸಕ್ಕೆಂದು ಇಟ್ಟ ಗಸಗಸೆಯನ್ನು ಮಾತ್ರ ಹೊರಗೆ ತೆಗೆಯಿರಿ. ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಅದು ನಿಷಿದ್ಧ, ಕಾನೂನಿನ ಕಣ್ಣಿನಲ್ಲಿ ಮಾದಕವಸ್ತುವಿನ ಬಂಧು. ಒಣ ಕೊಬ್ಬರಿಯನ್ನು ಚೆಕ್‌ಇನ್ ಸಾಮಾನಿನಲ್ಲಿ ಬಿಡುವುದಿಲ್ಲ, ಅದರ ಎಣ್ಣೆ ಬೆಂಕಿಗೆ ದಾರಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು; ಸೂಟ್‌ಕೇಸಿನಲ್ಲಿಟ್ಟರೆ ತಪಾಸಣೆಯವರು ಅದನ್ನು ಪಕ್ಕಕ್ಕೆ ಎಳೆದಿಡುತ್ತಾರೆ, ವಿಮಾನ ಹೋದ ಮೇಲೂ ಸೂಟ್‌ಕೇಸ್ ಬೆಂಗಳೂರಿನಲ್ಲೇ ಉಳಿಯಬಹುದು.

ಹೆಜ್ಜೆ 4: ಮುಂದಿನ ವಿಮಾನ ತಪ್ಪಿದರೆ

ಎರಡೂ ಹಾರಾಟ ಒಂದೇ ಬುಕಿಂಗ್‌ನಲ್ಲಿದ್ದು ಮೊದಲನೆಯದು ತಡವಾದ ಕಾರಣ ಎರಡನೆಯದು ತಪ್ಪಿದರೆ, ಮುಂದಿನ ವಿಮಾನದಲ್ಲಿ ಜಾಗ ಕೊಡುವುದು ಕಂಪನಿಯ ಹೊಣೆ. ಅಗ್ಗವೆಂದು ಎರಡು ಟಿಕೆಟ್ ಬೇರೆ ಬೇರೆ ಕೊಂಡಿದ್ದರೆ ಹೊಣೆ ನಿಮ್ಮದೇ. ಎರಡನೇ ಕಂಪನಿಯ ಮಟ್ಟಿಗೆ ನೀವು ಸಮಯಕ್ಕೆ ಬಾರದ ಪ್ರಯಾಣಿಕರು, ಅಷ್ಟೇ. ಉಳಿಸಿದ ಮೂರು ಸಾವಿರಕ್ಕೆ ಮೂವತ್ತು ಸಾವಿರ ತೆರುವ ಈ ಜಾಣತನ ಪ್ರವಾಸದಲ್ಲಿ ಬೇಡ.

ತಪ್ಪಿದ ಮೇಲೆ ವಲಸೆ ತಪಾಸಣೆ ದಾಟಿ ಹೊರಗೆ ಹೋಗಬೇಡಿ. ಒಳಗಿನ ಟ್ರಾನ್ಸ್‌ಫರ್ ಕೌಂಟರಿನ ಸಾಲಿನಲ್ಲಿ ಒಬ್ಬರು ನಿಲ್ಲಿ, ಇನ್ನೊಬ್ಬರು ಅದೇ ಹೊತ್ತಿಗೆ ಕಂಪನಿಗೆ ಫೋನ್ ಮಾಡಿ. ಯಾರಿಗೆ ಮೊದಲು ಉತ್ತರ ಸಿಗುತ್ತದೋ ಅದನ್ನು ಹಿಡಿಯಿರಿ. ಊಟ, ತಂಗುವ ವ್ಯವಸ್ಥೆಯನ್ನು ಬಾಯಿಬಿಟ್ಟು ಕೇಳಿ. ತಡವಾದದ್ದಕ್ಕೆ ಲಿಖಿತ ಕಾರಣವನ್ನೂ ಪಡೆಯಿರಿ, ವಿಮೆಯವರು ಅದನ್ನೇ ಮೊದಲು ಕೇಳುವುದು.

ಹೆಜ್ಜೆ 5: ಸೂಟ್‌ಕೇಸ್ ಬರಲಿಲ್ಲ

ಬೆಲ್ಟ್ ನಿಂತಿತು, ಸೂಟ್‌ಕೇಸ್ ಇಲ್ಲ. ಹೊರಗೆ ಕಾರು ಕಾಯುತ್ತಿದೆ, ನಾಳೆ ಫೋನ್ ಮಾಡಿದರಾಯಿತು ಎಂದು ಹೊರಡಬೇಡಿ. ಅದೇ ಸಭಾಂಗಣದ ಬ್ಯಾಗೇಜ್ ಕೌಂಟರಿನಲ್ಲಿ ಪಿಐಆರ್ ಎಂಬ ವರದಿ ಬರೆಸಿ, ಅದರ ಉಲ್ಲೇಖ ಸಂಖ್ಯೆ ಪಡೆದೇ ಹೊರಬನ್ನಿ. ಬೋರ್ಡಿಂಗ್ ಪಾಸಿಗೆ ಅಂಟಿಸಿಕೊಟ್ಟ ಚಿಕ್ಕ ಟ್ಯಾಗ್ ಚೀಟಿ ಆಗ ಬೇಕಾಗುತ್ತದೆ. ಎರಡು ದಿನದಲ್ಲಿ ಊರು ಬದಲಿಸುವವರು ಎರಡೂ ಹೋಟೆಲಿನ ವಿಳಾಸ ಕೊಡಿ. ಅಗತ್ಯದ ಬಟ್ಟೆ, ಸೋಪು ಕೊಂಡರೆ ಬಿಲ್ಲು ಎತ್ತಿಡಿ.

ಕಾನೂನು ನಿಮ್ಮ ಪರವಾಗಿದೆ. ಭಾರತವೂ 2009ರಿಂದ ಒಪ್ಪಿಕೊಂಡಿರುವ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಸಾಮಾನು ಹಾಳಾಗಿದ್ದರೆ ಕೈಗೆ ಬಂದ 7 ದಿನದೊಳಗೆ, ತಡವಾಗಿ ಬಂದಿದ್ದರೆ ಬಂದ 21 ದಿನದೊಳಗೆ ಲಿಖಿತ ದೂರು ಕೊಡಬೇಕು. 21 ದಿನವಾದರೂ ಬಾರದಿದ್ದರೆ ಕಳೆದುಹೋಯಿತೆಂದೇ ಲೆಕ್ಕ. ಪರಿಹಾರದ ಗರಿಷ್ಠ ಮಿತಿ 2024ರ ಡಿಸೆಂಬರ್ 28ರಿಂದ ಒಬ್ಬ ಪ್ರಯಾಣಿಕರಿಗೆ 1,519 ಎಸ್‌ಡಿಆರ್. ಎಸ್‌ಡಿಆರ್ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ; ರೂಪಾಯಿಯಲ್ಲಿ ಇದು ಒಂದೂವರೆ ಲಕ್ಷ ಮೀರುತ್ತದೆ. ಇದು ಮಿತಿಯೇ ಹೊರತು ಎಲ್ಲರ ಕೈಗೂ ಬರುವ ಮೊತ್ತವಲ್ಲ, ಒಳಗಿದ್ದದ್ದರ ಬೆಲೆಯನ್ನು ನೀವು ತೋರಿಸಬೇಕು. ಮದುವೆಯ ರೇಷ್ಮೆ ಸೀರೆ, ಒಡವೆಗಳಿಗೆ ಚೆಕ್‌ಇನ್ ಸೂಟ್‌ಕೇಸ್ ಜಾಗವಲ್ಲ. ನನ್ನನ್ನು ಕೇಳಿದರೆ ಅವಕ್ಕೆ ವಿದೇಶವೇ ಜಾಗವಲ್ಲ.

ಹೆಜ್ಜೆ 6: ಪಾಸ್‌ಪೋರ್ಟ್ ಕಳೆದರೆ

ಮೊದಲು ನಿಧಾನವಾಗಿ ಹುಡುಕಿ: ಹೋಟೆಲಿನ ಲಾಕರ್, ಟ್ಯಾಕ್ಸಿ, ಊಟ ಮಾಡಿದ ಜಾಗ. ಹೀಗೆ ಹೇಳಲು ಕಾರಣವಿದೆ. ಕಳೆದಿದೆ ಎಂದು ರಾಯಭಾರ ಕಚೇರಿಗೆ ತಿಳಿಸಿದ ಮೇಲೆ ಆ ಪಾಸ್‌ಪೋರ್ಟ್ ರದ್ದಾಗುತ್ತದೆ. ಮಾರನೆಯ ದಿನ ಜಾಕೆಟ್ಟಿನ ಜೇಬಿನಲ್ಲಿ ಸಿಕ್ಕರೂ ಅದರಲ್ಲಿ ಪ್ರಯಾಣ ಮಾಡುವಂತಿಲ್ಲ.

ಇಲ್ಲವೆಂದು ಖಚಿತವಾದರೆ ಸ್ಥಳೀಯ ಪೊಲೀಸರಲ್ಲಿ ದೂರು ಕೊಟ್ಟು ವರದಿಯ ಪ್ರತಿ ಪಡೆಯಿರಿ. ಥಾಯ್ಲೆಂಡಿನಲ್ಲಿ ಪ್ರವಾಸಿ ಪೊಲೀಸರ ಸಂಖ್ಯೆ 1155. ಅವರೊಂದಿಗೆ ಇಂಗ್ಲಿಷಿನಲ್ಲಿ ಮಾತನಾಡಬಹುದು. ಆ ವರದಿ, ಪಾಸ್‌ಪೋರ್ಟಿನ ನಕಲು, ಫೋಟೊ, ವಾಪಸಿನ ಟಿಕೆಟ್ ಹಿಡಿದು ಭಾರತದ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್‌ಗೆ ಹೋಗಿ. ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ. ಅದು ಭಾರತಕ್ಕೆ ಒಂದು ಸಲ ಮರಳಲು ಮಾತ್ರ. ಬ್ಯಾಂಕಾಕ್ ಮುಗಿಸಿ ಸಿಂಗಪುರ ನೋಡುವ ಯೋಜನೆ ಅಲ್ಲಿಗೆ ಮುಗಿಯಿತು. ಪ್ರವೇಶದ ಮುದ್ರೆಯೂ ಹಳೆಯ ಪಾಸ್‌ಪೋರ್ಟಿನ ಜೊತೆ ಹೋಗಿರುವುದರಿಂದ ಆ ದೇಶದ ವಲಸೆ ಕಚೇರಿಗೂ ಹೋಗಬೇಕಾಗಬಹುದು, ಅದನ್ನು ರಾಯಭಾರ ಕಚೇರಿಯಲ್ಲೇ ಕೇಳಿಕೊಳ್ಳಿ. ಶನಿವಾರ, ಭಾನುವಾರ ಕಚೇರಿ ಮುಚ್ಚಿದ್ದರೂ ಅವರ ಜಾಲತಾಣದಲ್ಲಿ ತುರ್ತು ಸಂಖ್ಯೆ ಇರುತ್ತದೆ.

ರಜೆ ಮುಗಿದ ಕಾರಣ ಒಬ್ಬರು ಮುಂಚೆ ಮರಳಲೇಬೇಕಾದರೆ, ಒಂದೇ ಪಿಎನ್‌ಆರ್‌ನಲ್ಲಿರುವ ಬುಕಿಂಗನ್ನು ಮೊದಲು ವಿಮಾನ ಕಂಪನಿಯಿಂದ ಎರಡಾಗಿ ಬೇರ್ಪಡಿಸಿಕೊಳ್ಳಿ. ಇಲ್ಲದಿದ್ದರೆ ಉಳಿದವರ ಟಿಕೆಟ್‌ಗೂ ತೊಡಕು.

ಹೆಜ್ಜೆ 7: ಕಾರ್ಡು, ಕಾಯಿಲೆ, ಸ್ಕೂಟರು

ಕಾರ್ಡು ಕಳೆದರೆ ಆ ಕ್ಷಣವೇ ಆ್ಯಪ್‌ನಲ್ಲಿ ತಡೆಯಿರಿ. ನಿಮ್ಮ ತಪ್ಪಿಲ್ಲದೆ ಹೊರಗಿನವರಿಂದಾದ ವಂಚನೆಯನ್ನು ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬೀಳುವುದಿಲ್ಲ ಎಂಬುದು 2017ರಿಂದ ಇರುವ ರಿಸರ್ವ್ ಬ್ಯಾಂಕ್ ನಿಯಮ. ಅಂಗಡಿಯ ಯಂತ್ರ ‘ರೂಪಾಯಿಯಲ್ಲಿ ಕಟ್ಟುತ್ತೀರಾ’ ಎಂದು ಕೇಳಿದರೆ ಬೇಡವೆನ್ನಿ, ಅಲ್ಲಿನ ಹಣದಲ್ಲೇ ಕಟ್ಟಿ. ರೂಪಾಯಿಗೆ ಅವರು ಹಾಕುವ ದರ ದುಬಾರಿ.

ಆಸ್ಪತ್ರೆಗೆ ಸೇರುವ ಸಂದರ್ಭ ಬಂದರೆ ಸೇರುವ ಮೊದಲೇ, ಆಗದಿದ್ದರೆ ಸೇರಿದ ಕೂಡಲೇ, ಪಾಲಿಸಿಯಲ್ಲಿರುವ ಸಹಾಯವಾಣಿಗೆ ಜೊತೆಗಿರುವವರು ಕರೆ ಮಾಡಬೇಕು. ಕಾಯಿಲೆ ಬಿದ್ದವರ ಲಾಕ್ ಆದ ಮೊಬೈಲ್‌ನಲ್ಲಷ್ಟೇ ಪಾಲಿಸಿ ಇದ್ದರೆ ಏನು ಗತಿ ಎಂದು ಬಿಡಿಸಿ ಹೇಳಬೇಕಿಲ್ಲ.

ಸ್ಕೂಟರ್ ಬಾಡಿಗೆಯ ಬಗ್ಗೆ ನನ್ನದು ಖಡಕ್ ಮಾತು. ಊರಿನ ಆರ್‌ಟಿಒ ಕಚೇರಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯದೆ ಮುಟ್ಟಬೇಡಿ. ಅದು ಒಂದು ವರ್ಷ ನಡೆಯುತ್ತದೆ. ವಿಯೆಟ್ನಾಂನಲ್ಲಿ ಅದೂ ನಡೆಯುವುದಿಲ್ಲ. ನಮ್ಮ ಪರವಾನಗಿ 1949ರ ಅಂತರರಾಷ್ಟ್ರೀಯ ರಸ್ತೆ ಸಂಚಾರ ಒಪ್ಪಂದದ್ದು, ಅವರು ಒಪ್ಪುವುದು 1968ರದ್ದು. ಮಾನ್ಯ ಪರವಾನಗಿಯಿಲ್ಲದೆ ಬಿದ್ದು ಕಾಲು ಮುರಿದುಕೊಂಡರೆ ವಿಮೆ ಕೈಬಿಡುತ್ತದೆ. ಬಾಡಿಗೆಗೆ ಅಡವಾಗಿ ಪಾಸ್‌ಪೋರ್ಟ್ ಕೇಳಿದರೆ ಆ ಅಂಗಡಿಯನ್ನೇ ಬಿಟ್ಟು ಮುಂದೆ ನಡೆಯಿರಿ.

ಹೆಜ್ಜೆ 8: ಊರಿಗೆ ಬಂದ ಮೇಲೆ

ಎಮರ್ಜೆನ್ಸಿ ಸರ್ಟಿಫಿಕೇಟ್‌ನಲ್ಲಿ ಬಂದವರು ಆ ಸರ್ಟಿಫಿಕೇಟ್, ವಿದೇಶಿ ಪೊಲೀಸರ ವರದಿ, ಪಾಸ್‌ಪೋರ್ಟ್ ಕಳೆದ ಬಗ್ಗೆ ಅಫಿಡವಿಟ್ ಜೊತೆಗಿಟ್ಟು ಮರುವಿತರಣೆಗೆ ಅರ್ಜಿ ಹಾಕಬೇಕು. ದಾವಣಗೆರೆಯ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಇಂಥ ಅರ್ಜಿಗೆ ಸಮಯ ಸಿಗುತ್ತದೆಯೇ ನೋಡಿ, ಇಲ್ಲವಾದರೆ ಬೆಂಗಳೂರು.

ವಿಮಾನ ಕಂಪನಿಗೆ ಬರೆದ ದೂರಿಗೆ ತಿಂಗಳುಗಟ್ಟಲೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರವೇ ಬರುತ್ತಿದ್ದರೆ ಸುಮ್ಮನೆ ಕಾಯಬೇಡಿ, ದಾವೆಗೆ ಇರುವುದು ಎರಡು ವರ್ಷ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಅವಕಾಶ ಕೊಟ್ಟಿದೆ; ಕಂಪನಿಯ ಕಚೇರಿ ದೆಹಲಿಯಲ್ಲಿದ್ದರೂ ದಾವಣಗೆರೆ ಅಥವಾ ಚಿತ್ರದುರ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು. ಟಿಕೆಟ್, ಬೋರ್ಡಿಂಗ್ ಪಾಸ್, ಪಿಐಆರ್ ಪ್ರತಿ, ಬಿಲ್ಲುಗಳು, ಕಂಪನಿಯೊಂದಿಗಿನ ಪತ್ರವ್ಯವಹಾರದ ಮುದ್ರಿತ ಪ್ರತಿ ತೆಗೆದುಕೊಂಡು ಹೋಗಿ. ಬುಕಿಂಗ್ ಇಬ್ಬರ ಹೆಸರಿನಲ್ಲಿದ್ದರೆ ದೂರಿಗೂ ಇಬ್ಬರೂ ಸಹಿ ಹಾಕಿ.