ಬಾಂಬೋ, ಭೂಕಂಪವೋ? ನೆಲದ ನಡುಕ ಓದುವುದು ಹೀಗೆ

2017ರ ಸೆಪ್ಟೆಂಬರ್ 3. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9 ಗಂಟೆ. ಉತ್ತರ ಕೊರಿಯಾದ ಪುಂಗ್ಯೆ-ರಿಯಲ್ಲಿ ಮಂಟಪ್ ಬೆಟ್ಟದ ಕೆಳಗೆ ನೆಲ ಅದುರಿತು. ಅದು ಅಣುಬಾಂಬು ಅಂತ ದೂರದಲ್ಲಿ ಕೂತವರಿಗೆ ಗೊತ್ತಾಗಿದ್ದು ಹೇಗೆ? ನೀವೂ ಓದಿ ನೋಡಿ.

ಮೊದಲು ಜಾಗ ಹುಡುಕಿ. ನೆಲದ ಅಲೆಗಳಲ್ಲಿ ಎಲ್ಲಕ್ಕಿಂತ ಮುಂಚೆ ಬರುವುದು ಪಿ ಅಲೆ, ಬಂಡೆಯನ್ನು ಹಿಂದೆ ಮುಂದೆ ತಳ್ಳುತ್ತ ಸಾಗುವಂಥದ್ದು. ಅದು ಕಂಪನ ಅಳೆಯುವ ಬೇರೆ ಬೇರೆ ಕೇಂದ್ರಗಳನ್ನು ತಲುಪಿದ ಹೊತ್ತನ್ನು ಜೋಡಿಸಿದರೆ ಮೂಲ ಸಿಗುತ್ತದೆ. ನಮ್ಮ ಗೌರಿಬಿದನೂರಿನಲ್ಲೇ ಭಾಭಾ ಅಣು ಸಂಶೋಧನಾ ಕೇಂದ್ರದ ಕಂಪನಮಾಪಕಗಳ ಸಾಲಿದೆ. 1965ರಲ್ಲಿ ಶುರುವಾಗಿದ್ದು, ‘ಎಲ್’ ಅಕ್ಷರದ ಆಕಾರ, 20 ಮಾಪಕ. ಅಲೆ ಯಾವ ಮಾಪಕವನ್ನು ಮೊದಲು ಮುಟ್ಟಿತು ಎಂದು ನೋಡಿದರೆ ದಿಕ್ಕು ತಿಳಿಯುತ್ತದೆ. ಕೊರಿಯಾದಿಂದ ಇಲ್ಲಿಗೆ ಬರಲು ಪಿ ಅಲೆಗೆ ಸುಮಾರು 9 ನಿಮಿಷ ಸಾಕು!

ಮೂಲ ಹತ್ತಾರು ಕಿಲೋಮೀಟರ್ ಆಳದಲ್ಲಿದ್ದರೆ ಬಾಂಬಿನ ಯೋಚನೆ ಬಿಡಿ. ಅಷ್ಟು ಆಳ ಯಾರೂ ಸುರಂಗ ತೋಡುವುದಿಲ್ಲ.

ಈಗ ಮೊದಲ ತಳ್ಳು ನೋಡಿ. ಸ್ಫೋಟ ಬಂಡೆಯನ್ನು ಸುತ್ತಲೂ ಹೊರಕ್ಕೆ ತಳ್ಳುತ್ತದೆ. ಹಾಗಾಗಿ ಎಲ್ಲ ಕೇಂದ್ರಗಳಲ್ಲೂ ಮಾಪಕ ಬರೆಯುವ ಗೆರೆ ಮೊದಲು ಮೇಲಕ್ಕೇ ಹೋಗಬೇಕು. ಭೂಕಂಪದಲ್ಲಿ ಬಂಡೆ ಜಾರುತ್ತದೆ. ಕೆಲವು ಕಡೆ ತಳ್ಳು, ಕೆಲವು ಕಡೆ ಎಳೆತ. ಜಾರುವಾಗ ಅಡ್ಡಡ್ಡ ಅಲುಗಿಸುವ ಎಸ್ ಅಲೆಯೂ ನೆಲದ ಮೇಲೆ ಹರಿಯುವ ನಿಧಾನದ ಅಲೆಯೂ ಜೋರಾಗಿರುತ್ತವೆ. ಬಾಂಬಿನಲ್ಲಿ ಪಿ ಜಾಸ್ತಿ, ಉಳಿದವು ಸಪ್ಪೆ. ಸಣ್ಣ ನಡುಕದಲ್ಲಿ ನೆಲದ ಮಾಮೂಲಿ ಅಲುಗಾಟದ ಗದ್ದಲವೇ ಮೊದಲ ತಳ್ಳಿನ ಗೆರೆಯನ್ನು ಮುಚ್ಚಿಬಿಡುತ್ತದೆ, ಆಗ ಪಿ ಮತ್ತು ಉಳಿದ ಅಲೆಗಳ ಈ ಹೋಲಿಕೆಯೇ ಆಸರೆ.

ಬಾಂಬು ಎಷ್ಟು ದೊಡ್ಡದು? ತಲೆನೋವು ಇಲ್ಲೇ. ಗಟ್ಟಿ ಬಂಡೆಗೆ ಬಳಸುವ ಒಂದು ಸೂತ್ರ: ತೀವ್ರತೆ = 4.45 + 0.75 × ಲಾಗ್ (ಕಿಲೋಟನ್). ಲಾಗ್ 10ರ ಆಧಾರದ್ದು; ಒಂದು ಕಿಲೋಟನ್ ಅಂದರೆ ಸಾವಿರ ಟನ್ ಟಿಎನ್‌ಟಿ ಸಿಡಿಮದ್ದಿನ ಬಲ. ಆ ದಿನದ ತೀವ್ರತೆಯನ್ನು ಅಣುಪರೀಕ್ಷೆ ನಿಷೇಧ ಒಪ್ಪಂದದ ಸಂಸ್ಥೆ 6.1 ಎಂದಿತು, ಅಮೆರಿಕದ ಭೂಗರ್ಭ ಸಮೀಕ್ಷೆ 6.3 ಎಂದಿತು. ಸುಮ್ನೆ 0.2 ವ್ಯತ್ಯಾಸ ಅಲ್ವಾ? ಸೂತ್ರಕ್ಕೆ ಹಾಕಿ ನೋಡಿ. ಮೊದಲನೆಯದಕ್ಕೆ ಸುಮಾರು 160 ಕಿಲೋಟನ್, ಎರಡನೆಯದಕ್ಕೆ ಸುಮಾರು 290! ಜೊತೆಗೆ ಸಡಿಲ, ಒಣ ಮಣ್ಣಾದರೆ ಅಲೆಯನ್ನು ನುಂಗುತ್ತದೆ, ಬಾಂಬು ಚಿಕ್ಕದಾಗಿ ಕಾಣುತ್ತದೆ. ಆದ್ದರಿಂದ ಯಾರಾದರೂ ಒಂದೇ ಅಂಕಿ ಹಿಡಿದು ಕೂತರೆ ನಾನಂತೂ ನಂಬುವುದಿಲ್ಲ.

ಅಲೆ ಸ್ಫೋಟ ಎಂದಷ್ಟೇ ಹೇಳುತ್ತದೆ, ಅಣು ಎನ್ನುವುದಿಲ್ಲ. ಅದಕ್ಕೆ ಅಣು ಒಡೆದಾಗ ಹುಟ್ಟುವ ವಿಕಿರಣದ ಕ್ಸೆನಾನ್ ಅನಿಲವನ್ನು ಗಾಳಿಯಲ್ಲಿ ಹುಡುಕುತ್ತಾರೆ. ಆದರೆ ಲಕ್ಷ ಟನ್‌ಗೂ ಮೀರಿದ ಟಿಎನ್‌ಟಿಯನ್ನು ಬೆಟ್ಟದೊಳಗೆ ಗುಟ್ಟಾಗಿ ತುಂಬುವವರು ಯಾರು?

ಕೊನೆಗೊಂದು ಪರೀಕ್ಷೆ ನಿಮಗೆ. ಎಂಟೂವರೆ ನಿಮಿಷದ ನಂತರ ಅಲ್ಲೇ ಮತ್ತೊಂದು ನಡುಕ, ತೀವ್ರತೆ 4ರ ಆಸುಪಾಸು. ಎರಡನೇ ಬಾಂಬೇ? ಈ ಸಲ ಬಂಡೆ ಹೊರಕ್ಕೆ ತಳ್ಳಿರಲಿಲ್ಲ, ಒಳಕ್ಕೆ ಕುಸಿದಿತ್ತು. ಬಾಂಬು ಕೊರೆದ ಗುಹೆಯ ಸುತ್ತ ಬೆಟ್ಟವೇ ಕೂತುಬಿಟ್ಟಿತ್ತು.